ಬಾಯಿಲ್ಲದ ಅತಿಥಿ

ಬಿಸಿನೀರಿನಲ್ಲಿ ನೆಂದ ರೇಷ್ಮೆಗೂಡಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಬಿಡುವುದಿಲ್ಲ. ಚೀಟಿಯಪ್ಪನ ತಾಯಿ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದವಳು. ಸಂಜೆ ಬಂದು ಮಗನನ್ನು ಎತ್ತಿಕೊಂಡರೆ ಅವಳ ಬೆರಳಿನಿಂದ, ತೋಳಿನಿಂದ, ಕೂದಲಿನಿಂದಲೂ ಅದೇ ವಾಸನೆ ಬರುತ್ತಿತ್ತು. ಬೇರೆ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಅವನಿಗೆ ಮಾತ್ರ ಆ ವಾಸನೆ ಎಂದರೆ ಅಮ್ಮ ಬಂದಳು, ಇನ್ನು ಒಲೆ ಹೊತ್ತುತ್ತದೆ ಎಂದು ಅರ್ಥ.

ಆ ಭಾನುವಾರ ಬೆಳಕು ಹರಿಯುತ್ತಲೇ ಅದೇ ವಾಸನೆ ಅವನನ್ನು ಭುಜ ತಟ್ಟಿ ಎಬ್ಬಿಸಿತು. "ಅಮ್ಮಾ" ಎನ್ನುತ್ತಾ ಎದ್ದು ಕೂತವನಿಗೆ, ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ತನ್ನ ನೆತ್ತಿಯೇ ಬೋಳಾಗುತ್ತಾ ಬಂದಿದೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು: ವರಾಂಡದ ಬುಟ್ಟಿ! ಕಾಲಿಗೆ ಸುತ್ತಿಕೊಂಡ ಹೊದಿಕೆಯನ್ನು ಎಳೆದುಕೊಂಡೇ ಅವನು ಹೊರಗೆ ಓಡಿದ.

ಚೀಟಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವಸ್ತುಸಂಗ್ರಹಾಲಯದಲ್ಲಿ ಹುಲ್ಲು ತುಂಬಿದ ನರಿ, ಗಾಜುಗಣ್ಣಿನ ಗೂಬೆ, ಬಾಲ ಉದುರಿದ ಮೊಸಳೆ ಇವುಗಳ ಕಾಲಬುಡಕ್ಕೆ ಇಡುವ ಚೀಟಿಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುವುದು ಅವನ ಕೆಲಸ. ತಾತ್ಕಾಲಿಕ ಕೆಲಸ. ಆ ತಾತ್ಕಾಲಿಕಕ್ಕೇ ಈಗ ಕೂದಲು ನರೆತಿತ್ತು. ಇತ್ತೀಚೆಗೆ ಚೀಟಿ ಮುದ್ರಿಸುವ ಯಂತ್ರ ಬಂದು ಕೂತ ಮೇಲೆ, "ಈ ತಿಂಗಳಿಗೆ ಸಾಕು ಮಾಡೋಣ ಕಣ್ರೀ" ಎಂದು ನಿರ್ದೇಶಕರು ಬೇಸರದಿಂದಲೇ ಹೇಳಿದ್ದರು.

ಅಷ್ಟರಲ್ಲಿ ಸಂಗ್ರಹಾಲಯದ ತೋಟದ ಮಾಲಿ ಕೊಂಬೆ ಕಡಿಯುವಾಗ ಒಂದು ಗೂಡು ಸಿಕ್ಕಿತು. ಕೋಳಿಮೊಟ್ಟೆಯಷ್ಟು ದಪ್ಪ, ಅಡಿಕೆಯಷ್ಟು ಗಟ್ಟಿ, ಕೊಂಬೆಗೆ ತೊಟ್ಟು ಬಿಗಿದು ಗಂಟೆಯ ಹಾಗೆ ಜೋತಾಡುತ್ತಿತ್ತು. ನಿರ್ದೇಶಕರ ಕಣ್ಣು ಅರಳಿತು. "ಕಾಡು ರೇಷ್ಮೆ ಪತಂಗ ಇದು. ಇದರಲ್ಲಿ ಅಣ್ಣತಮ್ಮಂದಿರ ಥರ ಎರಡು ಜಾತಿ. ಊರಿನದ್ದು ನಮ್ಮ ಡ್ರಾಯರ್ ತುಂಬಾ ಇದೆ. ಬೆಟ್ಟದ್ದು ಎಲ್ಲೂ ಇಲ್ಲ. ಇದೇನಾದ್ರೂ ಬೆಟ್ಟದ್ದಾದ್ರೆ ಕೀಟಗಳಿಗೇ ಒಂದು ಕೋಣೆ ಮಂಜೂರು ಮಾಡಿಸ್ತೀನಿ. ಆ ಕೋಣೆಗೆ ನೀವೇ. ಖಾಯಂ."

ಖಾಯಂ! ಆ ಮಾತು ಕೇಳಿದ ದಿನ ಚೀಟಿಯಪ್ಪ ಊಟಕ್ಕೆ ಕೂತು ಉಪ್ಪಿನ ಬದಲು ಸಕ್ಕರೆ ಹಾಕಿಕೊಂಡಿದ್ದ.

ಆದರೆ ಗೂಡು ನೋಡಿ ಜಾತಿ ಹೇಳುವ ಹಾಗಿರಲಿಲ್ಲ. ಪತಂಗದ ಹಿಂದಿನ ರೆಕ್ಕೆಯ ಮೇಲೆ ಗಾಜಿನ ಕಿಟಕಿಯಂಥ ಒಂದು ಕಣ್ಣು, ಅದರ ಪಕ್ಕ ಒಂದು ಕಪ್ಪು ಗೆರೆ. ಗೆರೆ ಕಣ್ಣಿಗೆ ತಾಗಿಕೊಂಡಿದ್ದರೆ ಬೆಟ್ಟದ್ದು, ದೂರ ಸರಿದಿದ್ದರೆ ಊರಿನದು. ನೋಡಿ ಹೇಳಲು ಕೀಟಶಾಸ್ತ್ರದ ಮೇಡಂ ಒಬ್ಬರು ಭಾನುವಾರ ಸಂಜೆಯ ರೈಲಿಗೆ ಬರುವವರಿದ್ದರು. ರಜೆಯ ದಿನ ಸಂಗ್ರಹಾಲಯದಲ್ಲಿ ಇಲಿಗಳದೇ ಆಡಳಿತವಾದ್ದರಿಂದ ಚೀಟಿಯಪ್ಪ ಗೂಡನ್ನು ಮನೆಗೆ ತಂದು ವರಾಂಡದಲ್ಲಿ ತೂಗುಹಾಕಿದ್ದ.

ಬುಟ್ಟಿಯಲ್ಲಿ ಗೂಡಿನ ತುದಿ ಒದ್ದೆಯಾಗಿ ತೂತು ಬಿದ್ದಿತ್ತು. ಒಳಗೆ ಖಾಲಿ. ತಲೆ ಎತ್ತಿ ನೋಡಿದರೆ, ಪಕ್ಕದ ಮನೆಯ ಬಸ್ ಡ್ರೈವರ್ ಇಬ್ಬರಿಗೂ ಸೇರಿದ ವರಾಂಡದ ಹಗ್ಗಕ್ಕೆ ಒಣಹಾಕಿದ್ದ ಖಾಕಿ ಶರ್ಟಿನ ಎದೆಯ ಮೇಲೆ, ಸರ್ಕಾರವೇ ಕೊಟ್ಟ ಪದಕದ ಹಾಗೆ, ಅಂಗೈ ಅಗಲದ ಕಂದು ಪತಂಗ ಕೂತಿತ್ತು. ಹಕ್ಕಿಯ ಗರಿಯಂಥ ಮೀಸೆ. ಗಂಡು. ಮುಂದಿನ ರೆಕ್ಕೆ ಹಿಂದಿನದನ್ನು ಮುಚ್ಚಿತ್ತು. ಈಗ ತಾನೇ ಗೂಡೊಡೆದು ಬಂದದ್ದು, ರೆಕ್ಕೆ ಇನ್ನೂ ಹಸಿ, ಮುಟ್ಟಿದರೆ ಕೆಟ್ಟಿತು. ಅವನು ಉಸಿರು ಬಿಗಿಹಿಡಿದು ನಿಂತ.

"ಅಣ್ಣಾ, ಆ ಶರ್ಟ್ ಸ್ವಲ್ಪ ಕೊಡಿ, ಹೊತ್ತಾಯ್ತು." ಬನಿಯನ್ನಿನಲ್ಲಿ ಡ್ರೈವರ್, ತಲೆಯಲ್ಲಿ ಸಿಕ್ಕಿಸಿದ ಬಾಚಣಿಗೆ.

"ಮುಟ್ಟಬೇಡಿ!"

"ಅದು ನನ್ನ ಶರ್ಟು ಅಣ್ಣಾ."

"ಶರ್ಟು ನಿಮ್ಮದೇ ಕಣಪ್ಪ. ಅದರ ಮೇಲೆ ಕೂತಿರೋದು ನನ್ನ ಕೆಲಸ."

ಗಲಾಟೆಗೆ ಡ್ರೈವರ್‌ನ ಹೆಂಡತಿ ಸೌಟು ಹಿಡಿದೇ ಬಂದಳು. ಅವಳ ಮಾತು ಬಸ್ಸಿನ ಹಾರನ್ನಿಗೂ ದಾರಿ ಬಿಡಿಸುವಂಥದ್ದು. "ಹುಳ ಕೂತಿದೆ ಅಂತ ಬಸ್ಸು ನಿಲ್ಸೋಕಾಗತ್ತಾ? ಇನ್ನೊಂದು ಶರ್ಟು ಟೈಲರ್ ಹತ್ರ ಇದೆ, ಇವರ ಹೊಟ್ಟೆಗೆ ತಕ್ಕ ಹಾಗೆ ಅಗಲ ಮಾಡೋಕೆ ಕೊಟ್ಟಿದ್ದು. ಖಾಕಿ ಇಲ್ದಿದ್ರೆ ಡಿಪೋ ಗೇಟಲ್ಲೇ ಸಾಹೇಬ್ರು ವಾಪಸ್ ಕಳಿಸ್ತಾರೆ. ಆಚೆ ಸರೀರಿ, ಒಂದು ಸಲ ಒದರಿದ್ರೆ ಹೋಗತ್ತೆ!"

"ಅಮ್ಮಾ ತಾಯಿ," ಚೀಟಿಯಪ್ಪ ಕೈಮುಗಿದ. "ಇದು ಹೋದ್ರೆ ನನ್ನ ಅನ್ನ ಹೋಯ್ತು."

ಡ್ರೈವರ್ ಹೆಂಡತಿಯ ಮುಖ ನೋಡಿದ, ಪತಂಗದ ಮುಖ ನೋಡಿದ, ತಲೆ ಕೆರೆದುಕೊಂಡ. ಆಗ ಚೀಟಿಯಪ್ಪನಿಗೇ ಹೊಳೆಯಿತು: ಬುಟ್ಟಿಯ ಪಕ್ಕದ ಮೊಳೆಗೆ ಅವನ ಕೋಟು ನೇತಾಡುತ್ತಿತ್ತು. ಸಂಜೆ ಮೇಡಂ ಎದುರಿಗೆ ಹಾಕಿಕೊಳ್ಳಲೆಂದು ಗಾಳಿಗೆ ಹಾಕಿದ್ದ ಒಂದೇ ಒಂದು ಒಳ್ಳೆಯ ಕೋಟು. ಬಣ್ಣ ಹೆಚ್ಚುಕಡಿಮೆ ಖಾಕಿ. "ಇದನ್ನ ಹಾಕ್ಕೊಂಡು ಹೋಗಿ!"

ಡ್ರೈವರ್ ಕೋಟು ತೆಗೆದು ಜೋರಾಗಿ ಒದರಲು ಕೈ ಎತ್ತಿದ.

"ಒದರಬೇಡಿ, ಒದರಬೇಡಿ! ಗಾಳಿ ಬೀಸಿದ್ರೆ ಇದರ ರೆಕ್ಕೆ ಮುದುಡತ್ತೆ. ಮೆಲ್ಲಗೆ ಹಾಕ್ಕೊಳ್ಳಿ. ಮೆಲ್ಲಗೆ ಹೋಗಿ."

ಆ ಪುಣ್ಯಾತ್ಮ ಗಾಜಿನ ಅಂಗಿ ತೊಡುವವನಂತೆ ಕೋಟು ತೊಟ್ಟು, ಮೆಟ್ಟಿಲಿನ ಮೇಲೂ ಸದ್ದಾಗದಂತೆ ತುದಿಗಾಲಲ್ಲಿ ಇಳಿದುಹೋದ. ಇಂಥ ನೆರೆಯವರು ಯಾರಿಗೆ ಸಿಗುತ್ತಾರೆ ಎಂದು ಚೀಟಿಯಪ್ಪನ ಕಣ್ಣು ತೇವವಾಯಿತು.

ಸುದ್ದಿಗೆ ಮೆಟ್ಟಿಲು ಬೇಕಾಗಿಲ್ಲ. ಕೆಳಗಿನ ಮನೆಯ ನರ್ಸಕ್ಕ ಮೊದಲು ಬಂದಳು. ನಿವೃತ್ತಿಯಾದ ಮೇಲೆ ರೋಗಿಗಳಿಲ್ಲದೆ ಅವಳ ಕೈ ತುರಿಸುತ್ತಿತ್ತು. ಪತಂಗವನ್ನು ಕನ್ನಡಕದೊಳಗಿಂದಲೂ ಕನ್ನಡಕದ ಮೇಲಿಂದಲೂ ನೋಡಿ, "ಏನು ಕೊಟ್ಟೆ ಇದಕ್ಕೆ?" ಎಂದು ಕೇಳಿದಳು.

"ಏನೂ ಕೊಡಬಾರದು ನರ್ಸಕ್ಕ. ಅದಕ್ಕೆ ಬಾಯೇ ಇಲ್ಲ."

"ಯಾರಿಗೆ?"

"ಪತಂಗಕ್ಕೆ. ಹುಳುವಾಗಿದ್ದಾಗ ಎಲೆ ತಿಂದದ್ದೇ ಅದರ ಜನ್ಮಕ್ಕಾಗೋಷ್ಟು ಊಟ. ರೆಕ್ಕೆ ಬಂದ ಮೇಲೆ ತಿನ್ನೋದಿಲ್ಲ, ಕುಡಿಯೋದಿಲ್ಲ. ಕೆಲವು ದಿನ ಇದ್ದು, ಜೊತೆ ಹುಡುಕ್ಕೊಂಡು, ಹೋಗಿಬಿಡತ್ತೆ."

"ಬಾಯಿಲ್ಲದೆ ಯಾರಾದ್ರೂ ಹುಟ್ತಾರೇನೋ ಮರಿ? ಚಿಕ್ಕದಿರಬೇಕು, ನಿನ್ನ ಕಣ್ಣಿಗೆ ಬಿದ್ದಿಲ್ಲ. ಬಾಯಿ ಬಿಡಲ್ಲ ಅಂತ ಹಟ ಹಿಡಿದ ಎಂತೆಂಥವರಿಗೆ ಕುಡಿಸಿದ್ದೀನಿ ನಾನು!" ಅವನು ಕಾಗೆಗಳನ್ನು ಓಡಿಸಲು ಆಚೆ ತಿರುಗಿದ್ದೇ ತಡ, ಹನಿಹಾಕುವ ಕೊಳವೆಯಿಂದ ಗ್ಲೂಕೋಸ್ ನೀರು ಪತಂಗದ ಮುಖಕ್ಕೆ ಬಿತ್ತು. ಮುಖಕ್ಕೆ ಒಂದು ಹನಿ, ರೆಕ್ಕೆಗೆ ಉಳಿದದ್ದೆಲ್ಲ.

ಮೇಲಿನ ಮನೆಯ ರೇಡಿಯೋ ರಿಪೇರಿಯವರು ಬರುವಾಗ ಬರಿಗೈಯಲ್ಲಿ ಬರಬಾರದೆಂದು ಜೇನು ತಂದರು. ಅವರ ಮನೆಯಾಕೆ ಹಾಲು ಕಳಿಸಿದಳು. ಎದುರು ಸಾಲಿನ ಯಾರೋ ಬಾಳೆಹಣ್ಣನ್ನು ಸಣ್ಣಗೆ ಹೆಚ್ಚಿ, ಮಗುವಿಗೆ ಕೊಡುವ ಹಾಗೆ ತಟ್ಟೆಯಲ್ಲಿ ಇಟ್ಟು ಹೋದರು. ಪ್ರತಿಯೊಬ್ಬರಿಗೂ ಚೀಟಿಯಪ್ಪ "ಅದಕ್ಕೆ ಬಾಯಿಲ್ಲ" ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿತು. ಬೆಳಗಿನಿಂದ ತಾನೂ ಏನೂ ತಿಂದಿಲ್ಲವೆಂಬುದು ಅವನ ಗಮನಕ್ಕೇ ಬರಲಿಲ್ಲ. ಬಂದವರೆಲ್ಲ ತಟ್ಟೆಗಳನ್ನು ಪತಂಗದ ಎದುರಿಗಿಟ್ಟು, ಅದು ತಿನ್ನುತ್ತದೆಯೋ ಎಂದು ಒಂದು ಗಳಿಗೆ ಕಾದು ಹೋಗುತ್ತಿದ್ದರು.

ಬಿಸಿಲೇರಿದಾಗ ಅವನು ಪತಂಗಕ್ಕೆ ನೆರಳಾಗಲೆಂದು ಹಗ್ಗಕ್ಕೆ ಒಂದು ದುಪ್ಪಟಿ ಕಟ್ಟಿದ. ರೇಡಿಯೋದವರು ಅದನ್ನು ನೋಡಿ ತಲೆಯಾಡಿಸಿದರು.

"ರೆಕ್ಕೆ ಹಸಿ ಇದೆ ಅಂತೀರಿ, ಮೇಲೆ ಗ್ಲೂಕೋಸ್ ಬೇರೆ ಬಿದ್ದಿದೆ. ನೆರಳಲ್ಲಿ ಹ್ಯಾಗ್ರೀ ಒಣಗತ್ತೆ? ನಾನೊಂದು ವ್ಯವಸ್ಥೆ ಮಾಡ್ತೀನಿ, ನೀವು ಸುಮ್ಮನಿರಿ."

ಚೀಟಿಯಪ್ಪ ಸುಮ್ಮನಿರಲಿಲ್ಲ. ಆದರೆ ಅವನು ಬೇಡ ಎನ್ನುವಷ್ಟರಲ್ಲಿ ರಿಪೇರಿಗೆ ಬಂದಿದ್ದ ಯಾರದೋ ಮೇಜುಫ್ಯಾನು ಬಂದು, ವೈರು ಕಿಟಕಿಯೊಳಗೆ ಹೋಗಿ, ಗುಂಡಿ ಒತ್ತಿ ಆಗಿತ್ತು. ಅದು ಯಾಕೆ ರಿಪೇರಿಗೆ ಬಂದಿತ್ತು ಎಂಬುದು ಆಗ ತಿಳಿಯಿತು: ಅದಕ್ಕೆ ಮೆಲ್ಲಗೆ ತಿರುಗುವುದು ಗೊತ್ತಿರಲಿಲ್ಲ. ದುಪ್ಪಟಿ ಹಾಯಿಯಂತೆ ಉಬ್ಬಿ, ಹಗ್ಗ ಕಿತ್ತು, ಶರ್ಟು, ಪತಂಗ, ಚೀಟಿಯಪ್ಪ ಎಲ್ಲರನ್ನೂ ಒಟ್ಟಿಗೆ ಸುತ್ತಿಕೊಂಡು ನೆಲಕ್ಕೆ ಬಿತ್ತು. ಒಳಗೆ ಪಟಪಟ ಬಡಿತ. ಬಾಳೆಹಣ್ಣಿನ ತಟ್ಟೆ ಮೆಟ್ಟಿಲಿಳಿದು ನರ್ಸಕ್ಕನ ಬಾಗಿಲು ತಟ್ಟಿತು.

ಚೀಟಿಯಪ್ಪ ಹೇಗೋ ಬಿಡಿಸಿಕೊಂಡು ಎದ್ದು, ಡ್ರೈವರ್‌ನ ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕ ಜರಡಿ ತಂದು ಪತಂಗದ ಮೇಲೆ ಕವುಚಿ ಹಾಕಿದ. ದುಪ್ಪಟಿಯ ತುಂಬ ಕಂದು ಪುಡಿ ಉದುರಿತ್ತು.

"ಬೆಳಿಗ್ಗೆ ಶರ್ಟು, ಈಗ ಜರಡಿ," ಡ್ರೈವರ್‌ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಮಧ್ಯಾಹ್ನಕ್ಕೆ ಒಲೆ ಕೇಳ್ತೀರಾ ಅಣ್ಣಾ? ಸಂಜೆಗೆ ಮನೆ ಬಿಟ್ಟುಕೊಡ್ತೀವಿ, ನಿಮ್ಮ ಹುಳ ಸಂಸಾರ ಮಾಡ್ಲಿ!"

ಬಯ್ದಳೇ ಹೊರತು ಜರಡಿ ಕಸಿದುಕೊಳ್ಳಲಿಲ್ಲ. ಚೀಟಿಯಪ್ಪ ಅದನ್ನು ಗಮನಿಸಿದ. ಹಾಗೆಯೇ ನರ್ಸಕ್ಕ ಬಂದು ಒದ್ದೆ ನೆಲ ಒರೆಸಿದ್ದನ್ನು, ರೇಡಿಯೋದವರು ತಪ್ಪಿತಸ್ಥರ ಮುಖ ಮಾಡಿಕೊಂಡು ಸಂಜೆಯವರೆಗೂ ಕಾಗೆ ಓಡಿಸುತ್ತಾ ಕೂತದ್ದನ್ನೂ ಗಮನಿಸಿದ. ಇವರನ್ನು ಬಯ್ಯಬೇಕೆಂದು ಬಾಯಿ ತೆರೆದರೆ ಪ್ರತಿ ಸಲವೂ "ನಿಮ್ಮಿಂದ ಉಪಕಾರವಾಯ್ತು" ಎಂಬ ಮಾತೇ ಬರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮೇಡಂ ಬಂದರು. ಗುಬ್ಬಚ್ಚಿಯಂಥ ಆಳು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು ಜರಡಿ ಎತ್ತಿದರು. ಪತಂಗದ ಮುಂದಿನ ರೆಕ್ಕೆಯನ್ನು ಹೂವಿನ ಎಸಳಿನಂತೆ ಸರಿಸಿದರು.

"ಗೆರೆ ಇಲ್ಲ," ಎಂದರು ಮೇಡಂ.

"ಇಲ್ಲ ಅಂದ್ರೆ?"

"ಉಜ್ಜಿ ಹೋಗಿದೆ. ಈ ರೆಕ್ಕೆಯ ಬಣ್ಣ ಅನ್ನೋದೇ ಪುಡಿ, ಚೀಟಿಯಪ್ಪನವರೇ. ಪುಡಿ ಹೋದ್ರೆ ಬರೀ ಹಾಳೆ. ಇದು ಯಾವ ಜಾತಿ ಅಂತ ಈಗ ಯಾರೂ ಹೇಳೋ ಹಾಗಿಲ್ಲ."

ರೇಡಿಯೋದವರು ಫ್ಯಾನಿನ ಹಿಂದೆ ಸರಿದರು. ನರ್ಸಕ್ಕ ಕೊಳವೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಚೀಟಿಯಪ್ಪ ಗೋಡೆಗೆ ಒರಗಿ ಹಾಗೆಯೇ ಜಾರಿ ಕೂತ. ಖಾಯಂ ಎಂಬುದು ದುಪ್ಪಟಿಯ ಮೇಲೆ ಪುಡಿಯಾಗಿ ಬಿದ್ದಿತ್ತು.

ಮೇಡಂ ಮಾತ್ರ ಇನ್ನೂ ನೋಡುತ್ತಿದ್ದರು. "ಒಂದು ನಿಮಿಷ. ಇದು ಇವತ್ತು ಹುಟ್ಟಿದ್ದು ಅಂದ್ರಾ? ರೆಕ್ಕೆಯ ಅಂಚು ನೋಡಿ, ಹಳೇ ಬಟ್ಟೆ ಥರ ಹರಿದಿದೆ. ಪುಡಿ ಒಂದು ದಿನದಲ್ಲಿ ಉಜ್ಜಿ ಹೋಗಬಹುದು, ಅಂಚು ಹೀಗೆ ಸವೆಯಲ್ಲ. ಇದು ಹಾರಾಡಿ ಬಂದ ಪತಂಗ. ಗೂಡು ಎಲ್ಲಿ?"

ಗೂಡು ತಂದುಕೊಟ್ಟರು. ಅವರು ತೂತಿನೊಳಗೆ ಚಿಮಟ ಇಳಿಸಿ, ಪತಂಗ ಕಳಚಿಟ್ಟು ಹೋದ ಪೊರೆಯನ್ನು ಹೊರಗೆಳೆದರು. ಕಡಲೆಕಾಯಿ ಸಿಪ್ಪೆಯಂಥ ಕಂದು ಪೊರೆ. "ಒಳಗೆ ಮಲಗಿದ್ದಾಗಿನ ಅಚ್ಚು ಇದರ ಮೇಲೆ ಹಾಗೇ ಉಳಿದಿರತ್ತೆ. ಇಲ್ಲಿ ನೋಡಿ, ಮೀಸೆ ಇದ್ದ ಜಾಗ. ಎಷ್ಟು ಸಪೂರ! ಗಂಡಾಗಿದ್ರೆ ಗರಿಯಷ್ಟು ಅಗಲ ಇರ್ತಿತ್ತು. ಈ ಗೂಡಿಂದ ಬಂದದ್ದು ಹೆಣ್ಣು." ಅವರು ತಲೆ ಎತ್ತಿ ನಕ್ಕರು. "ಹೆಣ್ಣು ಬೀರೋ ವಾಸನೆ ಹಿಡಿದು ಗಂಡು ಎಷ್ಟೋ ದೂರದಿಂದ ಹುಡುಕ್ಕೊಂಡು ಬರತ್ತೆ. ನೀವು ಬೆಳಿಗ್ಗೆಯಿಂದ ಕಾದದ್ದು ಮನೆಮಗಳನ್ನಲ್ಲ. ಅಳಿಯನ್ನ!"

"ಅದಕ್ಕೇ ಮತ್ತೆ," ನರ್ಸಕ್ಕನ ಧ್ವನಿ ಮರಳಿ ಬಂತು, "ಏನು ಕೊಟ್ರೂ ಮುಟ್ಟಲಿಲ್ಲ. ಅಳಿಯನ ಬಿಗುಮಾನ!"

"ಹಾಗಾದ್ರೆ ಮಗಳೆಲ್ಲಿ?" ಡ್ರೈವರ್‌ನ ಹೆಂಡತಿ ಎಲ್ಲರಿಗಿಂತ ಮೊದಲು ಕೇಳಿದಳು.

ವರಾಂಡವೇ ಬುಡಮೇಲಾಯಿತು. ಚಪ್ಪಲಿಗಳನ್ನು ಮಗುಚಿದರು, ಹೂಕುಂಡಗಳ ಹಿಂದೆ ತಡಕಿದರು, ರೇಡಿಯೋದವರು ಪ್ರಾಯಶ್ಚಿತ್ತವೆಂಬಂತೆ ಹಳೆಯ ಚಾಪೆಯ ಸುರುಳಿಯೊಳಗೆ ತಲೆ ಹಾಕಿ ಸಿಕ್ಕಿಬಿದ್ದರು.

"ಹೊಸದಾಗಿ ಹುಟ್ಟಿದ ಹೆಣ್ಣು ದೂರ ಹೋಗಲ್ಲ," ಎಂದರು ಮೇಡಂ. "ಹೊಟ್ಟೆ ತುಂಬ ಮೊಟ್ಟೆ, ಭಾರ. ಗೂಡಿನ ಹತ್ತಿರವೇ ಏನಾದ್ರೂ ಹಿಡ್ಕೊಂಡು ತೂಗಾಡತ್ತೆ. ಬುಟ್ಟಿ ಪಕ್ಕ ಏನಿತ್ತು?"

ಚೀಟಿಯಪ್ಪ ಬುಟ್ಟಿಯ ಪಕ್ಕ ನೋಡಿದ. ಅಲ್ಲಿ ಒಂದು ಮೊಳೆ ಇತ್ತು. ಮೊಳೆಯಲ್ಲಿ ಏನೂ ಇರಲಿಲ್ಲ.

ಸರಿಯಾಗಿ ಆಗಲೇ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು. ಕೋಟನ್ನು ಮಡಚಿ ಎರಡು ಕೈಯಲ್ಲಿ ಹಿಡಿದು ಡ್ರೈವರ್ ಬರುತ್ತಿದ್ದ. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿ ಬಂದವನ ಕಳೆ.

"ಅಣ್ಣಾ, ನಿಮ್ಮ ಕೋಟಿಂದ ಇವತ್ತು ನನ್ನ ಮಾನ ಉಳೀತು. ಗೇಟಲ್ಲಿ ಸಾಹೇಬ್ರು ಒಂದು ಮಾತೂ ಆಡ್ಲಿಲ್ಲ. ಆಮೇಲೆ ಇಂಜಿನ್ ಸೆಕೆ ಅಂತ ಬಿಚ್ಚಿ ಸೀಟಿನ ಹಿಂದೆ ನೇತುಹಾಕಿದ್ದೆ. ಕೊನೇ ಸ್ಟಾಪಲ್ಲಿ ಯಾರೋ ಮುದುಕರು 'ಡ್ರೈವರೇ, ನಿಮ್ಮ ಕೋಟಿನೊಳಗೆ ಯಾರೋ ಇದ್ದಾರೆ' ಅಂದ್ರು. ನೋಡಿದ್ರೆ ನಿಮ್ಮದೇ ಥರದ್ದು, ಇನ್ನೂ ದೊಡ್ಡದು, ಎಂಥ ಚೆಂದ ಅಂತೀರಿ! ಊರೆಲ್ಲ ಟಿಕೆಟ್ ಇಲ್ಲದೆ ಸುತ್ತಿಬಿಟ್ಟಿದೆ."

"ಎಲ್ಲಿ?" ಎಲ್ಲರೂ ಒಟ್ಟಿಗೆ ಕೂಗಿದರು.

"ಅಲ್ಲೇ ಬಿಟ್ಟೆ. ಹಾಗೇ ಬಿಟ್ಟುಬಿಡ್ತೀನಾ? ಒಳ್ಳೆ ಎಳೇ ಎಲೆ ಇರೋ ಮರ ಹುಡುಕಿ, ಕೊಂಬೆ ಮೇಲೆ ಕೂರಿಸಿ ಬಂದೆ. ಬೆಳಿಗ್ಗೆಯಿಂದ ಹಸಿದಿರತ್ತೆ, ಹೊಟ್ಟೆ ತುಂಬಾ ತಿನ್ಲಿ ಅಂತ."

"ಅದಕ್ಕೆ ಬಾಯೇ ಇಲ್ಲ!" ಎಂದು ಇಡೀ ವರಾಂಡ ಗದ್ದರಿಸಿತು. ನರ್ಸಕ್ಕನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಈ ಹೊತ್ತಿಗೆ ಅದು ಆ ಮರದಿಂದಲೂ ಹಾರಿಹೋಗಿರುತ್ತಿತ್ತು. ಆದರೂ ಮೇಡಂ ಆಸೆ ಬಿಡಲಿಲ್ಲ. "ಅದರ ಹಿಂದಿನ ರೆಕ್ಕೆ ನೋಡಿದ್ರಾ? ಗಾಜಿನಂಥ ಕಣ್ಣು, ಪಕ್ಕದಲ್ಲಿ ಕಪ್ಪು ಗೆರೆ?"

"ನೋಡಿದೆ ಮೇಡಂ. ಎದ್ದು ಕಾಣ್ತಿತ್ತು."

"ಗೆರೆ ಎಲ್ಲಿತ್ತು?"

ಡ್ರೈವರ್ ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ, ಪ್ರಾಮಾಣಿಕವಾಗಿ ಯೋಚಿಸಿದ. "ರೆಕ್ಕೆ ಮೇಲೇ ಇತ್ತು ಮೇಡಂ."

ಮೇಡಂ ಅವನ ಕೈಯಿಂದ ಕೋಟು ತೆಗೆದುಕೊಂಡು ಒಳಗು ಹೊರಗು ಮಾಡಿದರು. ಅಸ್ತರಿನ ಮೇಲೆ, ಯಾರೋ ಕೂತು ಅಂಟಿಸಿದ ಮಣಿಗಳ ಹಾಗೆ, ಕಂದುಪಟ್ಟಿಯ ಚಪ್ಪಟೆ ಮೊಟ್ಟೆಗಳು ಸಾಲಾಗಿ ಮಿರುಗಿದವು.

"ಅಬ್ಬಾ!" ಎಂದರು ಮೇಡಂ, ಚಿಕ್ಕ ಹುಡುಗಿಯ ಹಾಗೆ. "ಜೊತೆ ಸಿಗದ ಹೆಣ್ಣು ಇಷ್ಟು ಬೇಗ ಮೊಟ್ಟೆ ಇಡೋದು ಅಪರೂಪ. ಬೆಳಗಾಗೋದರೊಳಗೆ ಅಳಿಯನೂ ಮಗಳೂ ಭೇಟಿಯಾಗಿದ್ದಾರೆ ಅಂತ ಕಾಣತ್ತೆ. ಇವು ಒಡೆದು ಹುಳು ಬರಬಹುದು."

ಚೀಟಿಯಪ್ಪನ ಜೀವ ಮರಳಿ ಬಂತು. "ಮೊಟ್ಟೆ ನೋಡಿ ಜಾತಿ ಹೇಳಬಹುದಾ ಮೇಡಂ?"

"ಇಲ್ಲ. ಎರಡರದ್ದೂ ಒಂದೇ ಥರ."

"ಹುಳು ಬಂದ ಮೇಲೆ?"

"ಅವೂ ಒಂದೇ ಥರ. ಹಸಿರು, ದಪ್ಪ, ಹಸಿವು ಜಾಸ್ತಿ."

"ಅವು ಗೂಡು ಕಟ್ಟಿದ ಮೇಲೆ?"

"ಗೂಡು ನೀವೇ ನೋಡಿದ್ದೀರಲ್ಲ."

"ಹಾಗಾದ್ರೆ..."

"ಪತಂಗ ಬರೋವರೆಗೂ ಕಾಯ್ಬೇಕು," ಎಂದರು ಮೇಡಂ ಮೃದುವಾಗಿ. "ಗೂಡಿನೊಳಗೆ ಒಂದು ಸಲ ಮಲಗಿದ್ರೆ ಬೇಗ ಏಳೋ ಜಾತಿಯಲ್ಲ ಅದು. ಮಳೆ ಬರೋವರೆಗೂ ಮಲಗಿರತ್ತೆ. ನಿಮ್ಮ ನಿರ್ದೇಶಕರಿಗೆ ನಾನೇ ಹೇಳ್ತೀನಿ, ಅಲ್ಲಿವರೆಗೂ ನಿಮ್ಮನ್ನ ಬಿಡೋ ಹಾಗಿಲ್ಲ ಅಂತ. ಈ ಕೋಟು ಮಾತ್ರ ತೊಡಬಾರದು, ಒಗೆಯಬಾರದು, ಇಸ್ತ್ರಿ ಅಂತೂ ಕೂಡದು."

"ಖಾಯಂ..?"

"ಅದು ಪತಂಗ ಬಂದ ಮೇಲೆ."

"ಅಲ್ಲಿವರೆಗೆ?"

"ತಾತ್ಕಾಲಿಕ."

ಬೆಳಿಗ್ಗೆ ಅವನು ತಾತ್ಕಾಲಿಕನಾಗಿ, ಒಂದು ಗೂಡು ಇಟ್ಟುಕೊಂಡು, ಹಾಕಿಕೊಳ್ಳಲು ಒಂದು ಕೋಟಿದ್ದ ಮನುಷ್ಯನಾಗಿ ಎದ್ದಿದ್ದ. ಈಗ ಕೋಟೂ ಇರಲಿಲ್ಲ. ಚೀಟಿಯಪ್ಪನಿಗೆ ಅಳು ಬರಬೇಕಿತ್ತು; ಬಂದದ್ದು ನಗು. ಅವನು ನಕ್ಕದ್ದು ನೋಡಿ ಉಳಿದವರಿಗೂ ಧೈರ್ಯ ಬಂತು.

"ಎಲೆ ನನಗೆ ಬಿಡಿ ಅಣ್ಣಾ, ಕೊನೇ ಸ್ಟಾಪಿನ ಮರದ್ದೇ ದಿನಾ ತರ್ತೀನಿ," ಎಂದ ಡ್ರೈವರ್. ರೇಡಿಯೋದವರು ಹುಳುಗಳಿಗೆ ಸೊಳ್ಳೆಬಲೆಯ ಪೆಟ್ಟಿಗೆ ಮಾಡಿಕೊಡುವುದಾಗಿ, ಅದಕ್ಕೆ ವೈರು ಖಂಡಿತ ಇರುವುದಿಲ್ಲವೆಂದು ಮಾತು ಕೊಟ್ಟರು. "ಹುಳುಗಳಿಗಾದ್ರೂ ಬಾಯಿದೆ ತಾನೇ?" ಎಂದು ನರ್ಸಕ್ಕ ಖಾತ್ರಿ ಮಾಡಿಕೊಂಡಳು. ಬೆಳಕು ಮಂಕಾಗುತ್ತಿದ್ದಂತೆ ಮೇಡಂ ಮತ್ತೆ ಮುಚ್ಚಿಟ್ಟಿದ್ದ ಜರಡಿ ಎತ್ತಿ ಹಿಡಿದರು. ಹರಿದ ರೆಕ್ಕೆಯ ಅಳಿಯ ಮೈ ಅದುರಿಸಿ, ತಟ್ಟೆಗಳ ಮೇಲಿಂದ ಹಾರಿ, ಬಸ್ಸು ಬರುವ ದಿಕ್ಕಿಗೆ ಹೋದ. ಮೇಡಂಗೆ ರೈಲಿನ ಹೊತ್ತಾಗಿತ್ತು. ಒಬ್ಬೊಬ್ಬರೇ ಇಳಿದುಹೋದರು.

ಚೀಟಿಯಪ್ಪ ಕೋಟನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿದು, ಎಲ್ಲಿಯೂ ಇಡಲು ತೋಚದೆ, ಮೆಟ್ಟಿಲಿನ ಮೇಲೆ ಕೂತಿದ್ದ. ತಾನು ಯಾರ್ಯಾರಿಗೆ ಕೃತಜ್ಞತೆ ಹೇಳುವುದು ಬಾಕಿ ಉಳಿಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ.

ಡ್ರೈವರ್‌ನ ಹೆಂಡತಿ ಶರ್ಟು ತೆಗೆದುಕೊಂಡು ಹೋಗಲು ಬಂದಳು. ಗ್ಲೂಕೋಸ್ ಮೆತ್ತಿದ ಎದೆಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಬಯ್ಯಲು ಬಾಯಿ ತೆರೆದಳು, ಅವನ ಕಡೆ ನೋಡಿ ಒಳಗೆ ಹೋದಳು. ಪಾತ್ರೆ ಸದ್ದಾಯಿತು.

ತಿರುಗಿ ಬಂದಾಗ ಅವಳ ಒಂದು ಕೈಯಲ್ಲಿ ತಟ್ಟೆ ಇತ್ತು, ಹಬೆಯಾಡುವ ಅನ್ನ, ಬೇಯಿಸಿದ ತರಕಾರಿ, ಅಂಚಿನಲ್ಲಿ ಒಂದು ಮೊಟ್ಟೆ. ಒಂದು ಮಾತೂ ಆಡದೆ, ಇನ್ನೊಂದು ಕೈಯಿಂದ ಕೋಟನ್ನು ಮಲಗಿದ ಕೂಸನ್ನು ಎತ್ತಿಕೊಳ್ಳುವ ಹಾಗೆ ಅವನ ಕೈಯಿಂದ ಎತ್ತಿಕೊಂಡು, ಖಾಲಿಯಾದ ಆ ಕೈಗಳಲ್ಲಿ ತಟ್ಟೆ ಇಟ್ಟಳು.